ತುಳಸಿಕಟ್ಟೆಯ ಬಲ್ಬು

ನಮ್ಮ ಮನೆಯ ತುಂಡಾದ ತಂತಿಗೆ ಕೈ ಚಾಚಿದ್ದ ಲೈನ್‌ಮನ್ ಸಿದ್ದಣ್ಣ ಕಂಬದ ಮೇಲೇ ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

"ಕರೆಂಟಿಲ್ಲ ಅಂದ್ರಲ್ಲ ಸಾ, ತುಳಸಿಕಟ್ಟೆ ಬಲ್ಬು ಯಂಗೆ ಉರೀತಾ ಅದೆ?"

ಒಳಗೆ ಓಡಿದೆ. ಹಿತ್ತಿಲಲ್ಲಿ ಹೊಸ ಜನರೇಟರ್ ಮೆಲ್ಲಗೆ ಗುನುಗುತ್ತಿತ್ತು. ಮೇನ್ ಸ್ವಿಚ್ ಆಫ್ ಮಾಡದೆ ಅದರ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದವನು ನಾನೇ. ಅವರು ಹಿಡಿಯಲಿದ್ದ ತಂತಿಗೂ ಅದೇ ಕರೆಂಟು ಹರಿಯುತ್ತಿತ್ತು.

ಜನರೇಟರ್ ನಿಲ್ಲಿಸಿ ಬಂದು ಕೈಮುಗಿದೆ. "ನನ್ಗಲ್ಲ, ತುಳಸಮ್ಮಂಗೆ ಮುಗೀರಿ," ಎಂದು ನಕ್ಕರು. ಆ ಎತ್ತರದಿಂದ, ಹಗಲಿನಲ್ಲಿ, ಅಷ್ಟು ಪುಟ್ಟ ಬಲ್ಬು ಕಂಡ ಕಣ್ಣು ಅದೆಂಥದ್ದೋ!

ಜನರೇಟರ್ ಕೊಳ್ಳುವಾಗ ತಿ. ನರಸೀಪುರದ ಅಂಗಡಿಯಲ್ಲಿ ಪೆಟ್ರೋಲು, ಗ್ಯಾಸು ಎರಡರಲ್ಲೂ ಓಡುತ್ತದೆಯೇ, ಸದ್ದು ಕಡಿಮೆಯೇ ಎಂದೆಲ್ಲ ವಿಚಾರಿಸಿದ್ದೆ. ಮನೆಗೆ ಜೋಡಿಸುವುದು ಹೇಗೆಂದು ಕೇಳಿರಲಿಲ್ಲ. ಈಗ ಜನರೇಟರ್ ಕರೆಂಟು ಹೊರಗಿನ ತಂತಿಗೆ ಹೋಗದಂತೆ ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದೇನೆ. ತುಳಸಿಕಟ್ಟೆಯ ಬಲ್ಬನ್ನು ಮಾತ್ರ ಹಗಲಲ್ಲೂ ಆರಿಸಲು ಕೈ ಬರುವುದಿಲ್ಲ.