ಗುಬ್ಬಿಗೆ ಬಂದ ಹಿಮದ ಹಲಗೆ

ಗ್ಯಾರಂಟಿ ಎಂಬ ಪದವನ್ನು ಉಚ್ಚರಿಸುವಾಗ ಅಂಗಡಿಯವರು ಗಿರಾಕಿಯ ಮುಖವನ್ನಾಗಲಿ, ಮಾರುತ್ತಿರುವ ಸಾಮಾನನ್ನಾಗಲಿ ನೋಡುವುದಿಲ್ಲ. ಎದುರಿನ ರಸ್ತೆಯನ್ನು ನೋಡುತ್ತಾರೆ. ಟೇಬಲ್ ಫ್ಯಾನು, ಟ್ರಾನ್ಸಿಸ್ಟರು, ಇಸ್ತ್ರಿಪೆಟ್ಟಿಗೆ ಎಂಬ ಕ್ರಮದಲ್ಲಿ ನಾನು ಸಂಸಾರಸ್ಥನಾಗುತ್ತ ಹೋದಂತೆ ತುಮಕೂರಿನ ಪೇಟೆಯಲ್ಲಿ ಕಂಡುಕೊಂಡ ಸತ್ಯ ಇದು. ಫ್ಯಾನು ಮೊದಲ ಬೇಸಿಗೆಯಲ್ಲೇ ಹೊಗೆಯಾಡಿ ನಿಂತಾಗ ಅದನ್ನು ಮಗುವಿನಂತೆ ಎತ್ತಿಕೊಂಡು ಖಾದರ್ ಸಾಹೇಬರ ಅಂಗಡಿಗೆ ಹೋದೆ. ಸಾಹೇಬರು ಗ್ಯಾರಂಟಿ ಕಾರ್ಡನ್ನು ನನಗಿಂತ ಶ್ರದ್ಧೆಯಿಂದ ಓದಿ, "ಮೇಷ್ಟ್ರೇ, ಇದ್ರಲ್ಲಿ ರೆಕ್ಕೆಗೆ ಗ್ಯಾರಂಟಿ ಇದೆ, ಜಾಲರಿಗಿದೆ, ಸ್ಟ್ಯಾಂಡಿಗೂ ಇದೆ. ನಿಮ್ದು ಸುಟ್ಟಿರೋದು ಕಾಯಿಲ್ಲು. ಅದೊಂದಕ್ಕೇ ಇಲ್ಲ ನೋಡಿ" ಎಂದು ನಿಜವಾದ ದುಃಖದಿಂದ ಹೇಳಿದರು. ಅಂದಿನಿಂದ ಗ್ಯಾರಂಟಿಯ ವಿಷಯದಲ್ಲಿ ನನಗೆ ಒಂದು ಬಗೆಯ ವೈರಾಗ್ಯವೂ, ವೈರಾಗ್ಯಕ್ಕೆ ಅಂಟಿಕೊಂಡೇ ಬರುವ ಪಾಂಡಿತ್ಯದ ಗರ್ವವೂ ಉಂಟಾದವು. ಆ ಪಾಂಡಿತ್ಯದ ಅಗತ್ಯ ಮುಂದೆ ಗುಬ್ಬಿಯಲ್ಲಿ, ಅದೂ ಹಿಮದ ಮೇಲೆ ಜಾರುವ ಒಂದು ಜೊತೆ ಹಲಗೆಗಳಿಗೆ ಬೀಳುವುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ. ಹೆಂಡತಿ ಸರೋಜಳ ತವರು ಗುಬ್ಬಿ. ನಮ್ಮ ಮಾವನವರಿಗೆ ಊರಾಚೆ ತೆಂಗಿನ ತೋಟ, ಊರೊಳಗೆ ದೊಡ್ಡ ಹೆಂಚಿನ ಮನೆ, ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು. ಹಿರಿಯ ಅಳಿಯನಾದ ನಾನು ರಜೆಯ ದಿನ ರೈಲಿಳಿದು ಹೋದರೆ ಪಡಸಾಲೆಯ ಬೆತ್ತದ ಕುರ್ಚಿ ನನಗೆ, ಮೊದಲ ಎಳನೀರು ನನಗೆ, ಒಬ್ಬಟ್ಟಿನ ಮೇಲಿನ ಹೆಚ್ಚುವರಿ ತುಪ್ಪವೂ ನನಗೆ. ಒಬ್ಬನೇ ಅಳಿಯನಾಗಿರುವುದು ಎಂಥ ಐಶ್ವರ್ಯವೆಂಬುದು ಎರಡನೆಯವನು ಬಂದ ಮೇಲಷ್ಟೇ ತಿಳಿಯುವಂಥದ್ದು.

ಆ ಎರಡನೆಯವನು ಚಂದ್ರ. ಕುಣಿಗಲ್ ಕಡೆಯ ಹಳ್ಳಿಯವನು, ಸೈನ್ಯದಲ್ಲಿ ಹವಾಲ್ದಾರ. ನನ್ನ ನಾದಿನಿ ಜಯಳನ್ನು ಮದುವೆಯಾಗಿ, ಮದುವೆಯ ಅರಿಶಿನ ಆರುವ ಮೊದಲೇ ಕಾಶ್ಮೀರಕ್ಕೆ ಹೊರಟುಹೋದ. ಅಲ್ಲಿ ಅವನು ಮಾಡುತ್ತಿದ್ದ ಕೆಲಸವೆಂದರೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು, ಮತ್ತು ಇತರ ಸೈನಿಕರಿಗೆ ಬೀಳದೆ ಜಾರುವುದನ್ನು ಕಲಿಸುವುದು. ಜಾರುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೆಂದು ಕೇಳಿ ನಾನು ನಕ್ಕೆ. ನಮ್ಮ ಮಾವ ನಗಲಿಲ್ಲ. "ನಮ್ ಚಂದ್ರ ಮಂಜಿನ ಮ್ಯಾಲೆ ಗಾಳಿ ಹೋದಂಗೆ ಹೋಯ್ತಾನಂತೆ" ಎಂದು ಕೊಬ್ಬರಿ ಕೊಳ್ಳಲು ಬಂದವರಿಗೆಲ್ಲ ಹೇಳತೊಡಗಿದರು. ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ನಾನು ಮಾವನವರಿಗೆ ಎಂದೆಂದಿಗೂ 'ಮೇಷ್ಟ್ರು', ಬಹುವಚನ. ಅವನು 'ನಮ್ ಚಂದ್ರ', ಏಕವಚನ. ವ್ಯಾಕರಣದಲ್ಲಿ ಬಹುವಚನ ಗೌರವಸೂಚಕವೆಂದು ಮಕ್ಕಳಿಗೆ ಪಾಠ ಮಾಡುವಾಗಲೆಲ್ಲ ನಾನು ಆ ಪುಟವನ್ನು ಬೇಗ ಮಗುಚಿಬಿಡುತ್ತಿದ್ದೆ.

ಇಬ್ಬರು ಅಕ್ಕತಂಗಿಯರನ್ನು ಮದುವೆಯಾದವರನ್ನು ಷಡ್ಡಕರು ಎನ್ನುತ್ತೇವೆ. ಈ ಪದದ ನಿಜವಾದ ವ್ಯುತ್ಪತ್ತಿ ಏನೇ ಇರಲಿ, ಅದರಲ್ಲಿನ 'ಷಡ್' ಅರಿಷಡ್ವರ್ಗದ್ದೇ ಎಂದೂ, ಆ ಆರರ ಪೈಕಿ ಕೊನೆಯದಾದ ಮಾತ್ಸರ್ಯವೇ ಇಲ್ಲಿ ಪ್ರಧಾನವೆಂದೂ ನನ್ನ ಸ್ವಾನುಭವಸಿದ್ಧ ಮತ.

ಜಯ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ವರ್ಷ ಚಂದ್ರ ಮಂಡಿಗೆ ಪೆಟ್ಟುಮಾಡಿಕೊಂಡು ದೀರ್ಘ ರಜೆಯ ಮೇಲೆ ನೇರ ಗುಬ್ಬಿಗೇ ಬಂದ. ಸ್ವಲ್ಪ ಕುಂಟುತ್ತಿದ್ದ. ಕುಂಟುವವನನ್ನು ಕಂಡು ಅಸೂಯೆಪಡುವುದು ಕಷ್ಟ. ನಾನೂ ಉದಾರಿಯಾಗಲು ಮನಸ್ಸನ್ನು ಸಿದ್ಧಗೊಳಿಸಿಕೊಂಡೇ ನೋಡಲು ಹೋದೆ. ಆದರೆ ಅವನ ಜೊತೆಯಲ್ಲಿ ಬಸ್ಸಿನ ಟಾಪಿನ ಮೇಲೆ, ಕಂಬಳಿ ಸುತ್ತಿಕೊಂಡು, ಆ ಹಲಗೆಗಳೂ ಬಂದಿದ್ದವು. ಯಾರೋ ವಿದೇಶಿ ತರಬೇತಿದಾರ ಊರಿಗೆ ಮರಳುವಾಗ ಇವನ ಜಾರುವಿಕೆಯನ್ನು ಮೆಚ್ಚಿ ತನ್ನ ಹೊಚ್ಚಹೊಸ ಜೊತೆಯನ್ನು ಗ್ಯಾರಂಟಿ ಕಾಗದದ ಸಮೇತ ಕೊಟ್ಟುಹೋಗಿದ್ದನಂತೆ. ಆಳೆತ್ತರಕ್ಕಿಂತ ಉದ್ದ, ತುದಿಯಲ್ಲಿ ಮೇಲಕ್ಕೆ ಬಾಗಿದ ಮೂತಿ, ಕೆಂಪು ಬಣ್ಣ, ಅಂಚಿಗೆ ಉಕ್ಕಿನ ಪಟ್ಟಿ. ಮಾವ ಅವನ್ನು ಪಡಸಾಲೆಯಲ್ಲಿ, ನನ್ನ ಬೆತ್ತದ ಕುರ್ಚಿಯ ನೇರ ಎದುರಿಗೆ ಗೋಡೆಗೆ ಮೊಳೆ ಹೊಡೆಸಿ ತೂಗುಹಾಕಿಸಿದರು. ನಾನು ಅದಕ್ಕೆ 'ಹಿಮಪಾದುಕೆ' ಎಂಬ ಸುಂದರವಾದ ಹೆಸರನ್ನು ಟಂಕಿಸಿದೆ. ಯಾರೂ ಬಳಸಲಿಲ್ಲ. ಚಂದ್ರ ಇಂಗ್ಲಿಷಿನಲ್ಲಿ 'ಸ್ಕೀ' ಎನ್ನುತ್ತಿದ್ದ; ಮನೆಮಂದಿಗೆಲ್ಲ ಅದು 'ಇಸ್ಕಿ'.

ಚಂದ್ರ ಅವುಗಳನ್ನು ನೋಡಿಕೊಳ್ಳುತ್ತಿದ್ದ ರೀತಿಯೇ ಒಂದು ಪೂಜೆ. ಕೆಳಗಿಳಿಸಿ, ಒಣಬಟ್ಟೆಯಲ್ಲಿ ಒರೆಸಿ, ತಳಕ್ಕೆ ಮೇಣದ ಬತ್ತಿ ಉಜ್ಜಿ, ನಯಮಾಡಿ, ಒಂದರ ತಳ ಇನ್ನೊಂದಕ್ಕೆ ತಾಗದಂತೆ ನಡುವೆ ಬಟ್ಟೆಯಿಟ್ಟು ಮತ್ತೆ ತೂಗುಹಾಕುವನು. "ತಂಪಾಗಿರ್ಬೇಕು, ನೀರು ಸೋಕಬಾರ್ದು, ಬಿಸಿಲು ತಾಗಬಾರ್ದು" ಎಂದು ಎಲ್ಲರಿಗೂ ಹೇಳುವನು. ಸರೋಜ ಇದನ್ನು ಕಂಡು, "ನೋಡ್ರೀ, ಒಂದು ವಸ್ತುನ ಹೆಂಗೆ ಜೋಪಾನ ಮಾಡ್ತಾರೆ! ನಿಮ್ ಸೈಕಲ್ ಬರ್ತಾ ಇದ್ರೆ ಬೀದಿ ನಾಯಿಗಳೆಲ್ಲ ಎದ್ದು ನಿಂತ್ಕೋತವೆ" ಎಂದಳು. ನನ್ನ ಉದಾರಭಾವ ಅಲ್ಲಿಗೆ ಮುಗಿಯಿತು.

ಗುಬ್ಬಿಯ ಬೇಸಿಗೆ ಮಾತ್ರ ಯಾರ ಮಾತನ್ನೂ ಕೇಳುವಂಥದ್ದಲ್ಲ. ಬೆಳಕಿಗೆಂದು ಛಾವಣಿಯಲ್ಲಿ ಕೂರಿಸಿದ್ದ ಗಾಜಿನ ಹೆಂಚಿನಿಂದ ಮಧ್ಯಾಹ್ನದ ಬಿಸಿಲು ಸರಿಯಾಗಿ ಆ ಕೆಂಪು ಮೂತಿಗಳ ಮೇಲೆಯೇ ಬೀಳುತ್ತಿತ್ತು. ಚಂದ್ರ ಮಂಡಿ ತೋರಿಸಲು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಹೋಗಿ ಅಲ್ಲೇ ಉಳಿದಿದ್ದಾಗ ಯುಗಾದಿ ಬಂತು; ನಮ್ಮ ಅತ್ತೆ ಅಕ್ಕರೆಯಿಂದ ಅಳಿಯನ ಹಲಗೆಗಳಿಗೂ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಹೊಳಪಿಗೆ ಕೊಬ್ಬರಿ ಎಣ್ಣೆ ಬಳಿದರು. ನೋಡಲು ಬಂದ ನೆಂಟರಿಗೆಲ್ಲ ಮಾವ ಅವನ್ನು ಇಳಿಸಿ ಕಲ್ಲುಚಪ್ಪಡಿಯ ಮೇಲೆ ಎಳೆದು ತೋರಿಸಿದರು. ಚಂದ್ರ ಮರಳಿ ಬರುವ ಹೊತ್ತಿಗೆ ಉಕ್ಕಿನ ಅಂಚು ತುಕ್ಕು ಹಿಡಿದಿತ್ತು, ಒಂದರ ಮೂತಿಯಲ್ಲಿ ಅಂಟು ಬಿಟ್ಟು ಪದರಗಳು ಹಳೆಯ ಪುಸ್ತಕದ ರಟ್ಟಿನಂತೆ ಬಾಯ್ತೆರೆದಿದ್ದವು.

ಅವನು ಯಾರನ್ನೂ ಬೈಯಲಿಲ್ಲ. ಆ ಬಿರುಕಿನೊಳಗೆ ಉಗುರು ತೂರಿಸಿ ನೋಡುತ್ತ ಬಹಳ ಹೊತ್ತು ಕುಳಿತಿದ್ದನಂತೆ. ಮುಂದಿನ ಭಾನುವಾರ ನಾನು ಹೋದೊಡನೆ ಗ್ಯಾರಂಟಿ ಕಾಗದವನ್ನು ನನ್ನ ಕೈಗಿತ್ತ.

"ಅಣ್ಣ, ಕಂಪನಿಯೋರ್ಗೆ ಇಂಗ್ಲಿಷಲ್ಲಿ ಒಂದು ಕಾಗದ ಬರೀರಿ. ಇನ್ನೂ ಗ್ಯಾರಂಟಿ ಐತೆ. ಇದು ಸರಿಹೋದ್ರೆ ಸಾಕು, ಕಾಲೂ ಸರಿಹೋಯ್ತದೆ. ಬರೋ ಚಳಿಗಾಲಕ್ಕೆ ಹೋಗ್ಬೇಕಲ್ಲ."

ನಾನು ಓದಿದೆ. ಖಾದರ್ ಸಾಹೇಬರ ಆತ್ಮವೇ ಏಳು ಸಮುದ್ರದಾಚೆ ಇಂಗ್ಲಿಷಿನಲ್ಲಿ ಅವತರಿಸಿದಂತಿತ್ತು. ಸಾಮಗ್ರಿಯಲ್ಲಿ, ತಯಾರಿಕೆಯಲ್ಲಿ ದೋಷವಿದ್ದರೆ ಮಾತ್ರ ಹೊಣೆ. ಕಲ್ಲಿಗೆ ತಾಗಿದರೆ ಇಲ್ಲ, ತುಕ್ಕು ಹಿಡಿದರೆ ಇಲ್ಲ, ಬಿಸಿಲಿಗೆ ಬಿಟ್ಟರೆ ಇಲ್ಲ, ಪಾಲನೆ ತಪ್ಪಿದರೆ ಇಲ್ಲ. ಸೀಗೆಪುಡಿಯೊಂದನ್ನು ಅವರು ಹೆಸರಿಸಿರಲಿಲ್ಲ, ಅಷ್ಟೇ. "ಏನೂ ಕೊಡೋದಿಲ್ಲ ಚಂದ್ರಪ್ಪ. ಆಸೆ ಇಟ್ಕೋಬೇಡ" ಎಂದೆ, ಆದಷ್ಟು ಗಂಭೀರವಾಗಿ. ಮಾವ ಒಪ್ಪಲಿಲ್ಲ. "ನೀವು ಬರೀರಿ ಮೇಷ್ಟ್ರೇ. ದೊಡ್ಡ ಕಂಪನಿಯೋರು, ನಮ್ ಪೇಟೆಯೋರ ಥರ ಅಲ್ಲ" ಎಂದರು. ಬರೆದೆ. ರೈಲಿನಲ್ಲಿ ಹಿಂತಿರುಗುವಾಗ ಸರೋಜ ನನ್ನನ್ನೇ ದಿಟ್ಟಿಸಿ, "ನಿಮ್ ಮೊಖದಲ್ಲಿ ಹಬ್ಬ ಕಾಣ್ತಾ ಇದೆ ಕಣ್ರೀ" ಎಂದಳು. ಕಿಟಕಿಯ ಗಾಳಿಗೆ ಹಾಗೆ ಕಾಣುತ್ತದೆ ಎಂದೆ.

ಉತ್ತರವನ್ನು ನನ್ನ ಶಾಲೆಯ ವಿಳಾಸಕ್ಕೆ ಕೇಳಿದ್ದೆ, ಮಳೆಗಾಲದಲ್ಲಿ ಬಂತು. ದಪ್ಪ ಕಾಗದ, ಸುಂದರವಾದ ಅಚ್ಚು, ನಾಲ್ಕು ಸಾಲು. ನೀವು ವಿವರಿಸಿದ ಹಾನಿ ತಯಾರಿಕೆಯ ದೋಷವಲ್ಲ, ಬದಲಿ ಕೊಡಲಾರೆವು, ರಿಪೇರಿ ಸಾಧ್ಯವಿಲ್ಲ, ಅಂಟು ಬಿಟ್ಟ ಹಲಗೆಯನ್ನು ಮತ್ತೆ ಬಳಸುವುದು ಅಪಾಯ, ವಿಷಾದಿಸುತ್ತೇವೆ. ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನನ್ನ ಜೀವನದಲ್ಲಿ ಒಂದು ವಿದೇಶಿ ಸಂಸ್ಥೆ ನನ್ನ ಮಾತನ್ನು ಸಮರ್ಥಿಸಿದ್ದು ಅದೊಂದೇ ಸಲ. ತುಮಕೂರಿನಿಂದ ಗುಬ್ಬಿಯವರೆಗೆ ರೈಲಿನಲ್ಲಿ ಅದನ್ನು ಹೇಗೆ ಓದಬೇಕು, ಎಲ್ಲಿ ನಿಲ್ಲಿಸಬೇಕು, 'ವಿಷಾದ' ಎಂಬಲ್ಲಿ ಎಷ್ಟು ವಿಷಾದವನ್ನು ಬೆರೆಸಬೇಕು ಎಂದು ತಾಲೀಮು ನಡೆಸಿದೆ.

ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಜಯಳ ತೊಡೆಯ ಮೇಲೆ ಕೂಸು. ಕೊಬ್ಬರಿ ವ್ಯಾಪಾರಕ್ಕೆ ಬಂದವರಿಬ್ಬರನ್ನೂ ಮಾವ ಹೋಗಗೊಡದೆ ಕೂರಿಸಿಕೊಂಡಿದ್ದರು. "ಫಾರಿನ್ನಿಂದ ಉತ್ತರ ಬಂದೈತೆ, ಕೇಳ್ಕೊಂಡು ಹೋಗಿ" ಎಂದು. ಚಂದ್ರ ಕಂಬಕ್ಕೊರಗಿ ನಿಂತಿದ್ದ. ನಾನು ಲಕೋಟೆ ತೆಗೆಯುವಾಗ ಅವನು ಮೆಲ್ಲಗೆ, "ರಿಪೇರಿ ಆಯ್ತದಂತಾ ಅಣ್ಣ?" ಎಂದು ಕೇಳಿದ. ಕೇಳುವಾಗ ಅವನ ಕೈ ಅವನಿಗೇ ಗೊತ್ತಿಲ್ಲದಂತೆ ಮಂಡಿಯ ಮೇಲಿತ್ತು.

ನಾನು ಓದಿದೆ. ಬದಲಿ ಕೊಡುವುದಿಲ್ಲ, ರಿಪೇರಿಯಾಗುವುದಿಲ್ಲ, ಮತ್ತೆ ಕಾಲಿಗೆ ಕಟ್ಟುವಂತಿಲ್ಲ ಎಂಬುದನ್ನು ಇದ್ದದ್ದು ಇದ್ದಂತೆ ಕನ್ನಡಿಸಿದೆ. ವ್ಯಾಪಾರಿಗಳು ಚಂದ್ರನ ಮುಖ ನೋಡಿದರು. ಮಾವ ನೆಲ ನೋಡಿದರು. ನಾನು ತಿಂಗಳುಗಟ್ಟಲೆ ಕಾದಿದ್ದ ಗಳಿಗೆ ಅದು. ಆದರೆ ಬಾಯಿಗೆ ಹಾಕಿಕೊಂಡ ಮೇಲೆ ಅದಕ್ಕೆ ರುಚಿಯೇ ಇರಲಿಲ್ಲ. ಕಾಗದದಲ್ಲಿ ಸಾಲುಗಳು ಮುಗಿದಿದ್ದವು. ನನ್ನ ಬಾಯಿ ಮುಗಿಸಲು ಒಪ್ಪಲಿಲ್ಲ. ಹಾಳೆಯ ಮೇಲಿನ ಕಣ್ಣನ್ನು ಕೀಳದೆ ಮುಂದುವರಿಸಿದೆ: "ನಮ್ಮ ಹಲಗೆಗಳನ್ನು ಕೊಂಡವರು ಜಗತ್ತಿನಲ್ಲಿ ಅನೇಕರಿರಬಹುದು. ಆದರೆ ಅವುಗಳನ್ನು ಇಷ್ಟು ಅಕ್ಕರೆಯಿಂದ ಕಂಡವರನ್ನು ನಾವು ಅರಿಯೆವು. ನಮ್ಮ ಕೈಕೆಲಸವು ನಿಮ್ಮಂಥ ಹಿಮವೀರರ ಪಾದವನ್ನು ಸೇರಿದ್ದು ನಮ್ಮ ಸಂಸ್ಥೆಯ ಭಾಗ್ಯವೆಂದು ತಿಳಿಯುತ್ತೇವೆ."

ಸರೋಜ ನನ್ನತ್ತ ಹೊರಳಿ ನೋಡಿದಳು. ಉಳಿದವರೆಲ್ಲ ಚಂದ್ರನನ್ನು ನೋಡುತ್ತಿದ್ದರು, ಆದರೆ ಈಗ ಬೇರೆ ರೀತಿಯಲ್ಲಿ.

ಊಟವಾದ ಮೇಲೆ ಹಿತ್ತಲಲ್ಲಿ ಕೈತೊಳೆಯುತ್ತಿದ್ದಾಗ ಚಂದ್ರ ಚೆಂಬು ಹಿಡಿದುಕೊಂಡು ಪಕ್ಕಕ್ಕೆ ಬಂದ. "ಅಣ್ಣ, ಕಾಗದದಲ್ಲಿ ನಾಕೇ ಸಾಲಿತ್ತು. ನೀವು ಭಾಳ ಹೊತ್ತು ಓದಿದ್ರಿ" ಎಂದ. ನಾನು ಇಂಗ್ಲಿಷಿನ ಸಂಕ್ಷಿಪ್ತತೆ, ಕನ್ನಡದ ವಿಸ್ತಾರಗುಣ ಎಂದು ಏನೇನೋ ತೊದಲಿದೆ. ಅವನು ನಕ್ಕು ನನ್ನ ಕೈಗೆ ನೀರು ಹಾಕಿದ. "ಇರ್ಲಿ ಬುಡಿ. ಚೆನ್ನಾಗಿತ್ತು." ಆಮೇಲೆ ನೀರು ಹಾಕುವುದನ್ನು ನಿಲ್ಲಿಸಿ, "ಆಸ್ಪತ್ರೆಯೋರೂ ಹಿಂಗೇ ಅಂದವ್ರೆ. ಮಂಡಿ ಇನ್ನು ಗುಡ್ಡಕ್ಕೆ ಆಗಲ್ವಂತೆ, ಸೈನ್ಯದಿಂದ ಕಳಿಸ್ಬುಡ್ತಾರೆ. ನಾನ್ಯಾರಿಗೂ ಹೇಳಿಲ್ಲ, ಜಯಂಗೂ ಹೇಳಿಲ್ಲ. ಮಾವಂಗೆ ನೀವೇ ಹೇಳಿ ಅಣ್ಣ. ನೀವು ಹೇಳಿದ್ರೆ ಅಷ್ಟು ಕೆಟ್ಟದಾಗಿ ಕೇಳ್ಸಲ್ಲ" ಎಂದ.

ಹಲಗೆ ಸರಿಹೋಗಲೆಂದು ಅವನು ಯಾಕೆ ಅಷ್ಟು ಹಂಬಲಿಸಿದನೆಂದು ನನಗೆ ಆಗ ಅರ್ಥವಾಯಿತು. ಹಲಗೆಗಾದರೂ ಗ್ಯಾರಂಟಿ ಇತ್ತು.

ಮಾವನಿಗೆ ಹೇಳುವುದು ಸುಲಭವಿರಲಿಲ್ಲ. ಬರುವ ಚಳಿಗಾಲಕ್ಕೆ ಅಳಿಯ ಮತ್ತೆ ಹಿಮದ ಬೆಟ್ಟಕ್ಕೆ ಹೋಗುತ್ತಾನೆಂದು ಊರಿಗೆಲ್ಲ ಸಾರಿದ್ದ ಮುದುಕರು ಅವರು. ಸಂಜೆ ತೋಟದ ಕಡೆ ನಡೆಯುತ್ತ, ದೇಶಸೇವೆಯ ಮಹತ್ವದಿಂದ ಆರಂಭಿಸಿ, ಶರೀರದ ನಶ್ವರತೆಯನ್ನು ಹಾದು, ಕೊನೆಗೆ ಮಂಡಿಗೆ ಬಂದೆ. ಮಾವ ನಿಂತರು. ದಾರಿಯಲ್ಲಿ ಒಂದು ತೆಂಗಿನ ಮಟ್ಟೆ ಬಿದ್ದಿತ್ತು, ಅದನ್ನು ಎತ್ತಿ ಬದಿಗಿಟ್ಟರು. ಆಮೇಲೆ ಅವರ ಮುಖ ನಿಧಾನವಾಗಿ ಅರಳಿತು.

"ಹಂಗಾರೆ ನಮ್ ಚಂದ್ರ ಇನ್ನು ಇಲ್ಲೇ ಇರ್ತಾನೆ ಅನ್ನಿ!"

ನಾನು ಮದುವೆಯಾದಂದಿನಿಂದ ಅವರ ಮನೆಯಿಂದ ಕೂಗಳತೆಯೆನ್ನುವಷ್ಟು ಹತ್ತಿರದ ತುಮಕೂರಿನಲ್ಲೇ ಇದ್ದೆ. 'ಮೇಷ್ಟ್ರು ಇಲ್ಲೇ ಇರ್ತಾರೆ' ಎಂದು ಯಾರೂ ಒಂದು ದಿನವೂ ಹಿಗ್ಗಿರಲಿಲ್ಲ. ಕರುಣೆಯಿಂದ ಆಗತಾನೆ ಮೆತ್ತಗಾಗಿದ್ದ ನನ್ನ ಹೃದಯ ಮತ್ತೆ ತನ್ನ ಎಂದಿನ ಕೆಲಸಕ್ಕೆ ಹಾಜರಾಯಿತು.

ಚಂದ್ರನಿಗೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಹಲಗೆಗಳು ಗೋಡೆಯ ಮೇಲೇ ಉಳಿದವು. ಅವುಗಳ ಕೆಳಗೆ ಮಾವ ಕಂಪನಿಯ ಕಾಗದಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದರು. ಅದರಲ್ಲಿರುವುದು ನಾಲ್ಕು ಸಾಲಿನ ನಿರಾಕರಣೆಯೆಂದು ಇಂಗ್ಲಿಷ್ ಬಲ್ಲ ಯಾವ ನೆಂಟನೂ ಓದಿ ಹೇಳುವ ಧೈರ್ಯ ಮಾಡಲಿಲ್ಲ. ಮಾವನವರಿಗೆ ಮಾತ್ರ ನಾನು ಸೇರಿಸಿ ಓದಿದ್ದ ಒಕ್ಕಣೆ ಬಾಯಿಪಾಠವಾಗಿತ್ತು. ಎಂಬತ್ತರ ದಶಕದುದ್ದಕ್ಕೂ ಆ ಮನೆಯ ನಾಮಕರಣ, ಕೊಬ್ಬರಿ ವ್ಯಾಪಾರ, ಹಬ್ಬದೂಟ ಎಲ್ಲದರಲ್ಲೂ ಅವರು ಎದ್ದುನಿಂತು, ಬಂದವರನ್ನು ಗೋಡೆಯ ಬಳಿಗೆ ಕರೆದೊಯ್ದು, "ನಮ್ಮ ಕೈಕೆಲಸವು ನಿಮ್ಮಂಥ ಹಿಮವೀರರ ಪಾದವನ್ನು ಸೇರಿದ್ದು ನಮ್ಮ ಸಂಸ್ಥೆಯ ಭಾಗ್ಯ" ಎಂದು ಒಂದಕ್ಷರವೂ ತಪ್ಪದೆ ಹೇಳುವರು. ನಾನು ಬರೆದ ಪ್ರಬಂಧಗಳು ಪತ್ರಿಕೆಗಳಲ್ಲಿ ಬಂದಿವೆ, ರದ್ದಿಗೂ ಹೋಗಿವೆ. ಯಾರಾದರೂ ಕಂಠಸ್ಥ ಮಾಡಿ ಕಣ್ಣು ಒದ್ದೆ ಮಾಡಿಕೊಂಡ ನನ್ನ ಗದ್ಯ ಅದೊಂದೇ. ಅದೂ ಷಡ್ಡಕನ ಹೊಗಳಿಕೆ.

ಆ ಮೊದಲ ವರ್ಷದಲ್ಲೇ ಒಮ್ಮೆ ಬೆಂಗಳೂರಿನಿಂದ ಬಂದಿದ್ದ ಹಿರಿಯರೊಬ್ಬರು ಅದನ್ನು ಕೇಳಿ ತಲೆದೂಗಿ, "ಏನು ಭಾಷೆ ರೀ! ಪರದೇಶದೋರಾದ್ರೂ ಎಂಥ ಮಾತು ಬರ್ದಿದಾರೆ" ಎಂದರು. ನಾನು ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಚಂದ್ರ ನನ್ನನ್ನು ನೋಡಿ, ನಗು ತಡೆಯಲು ಮಗುವಿನ ಬೆನ್ನಿಗೆ ಮುಖ ಒತ್ತಿಕೊಂಡ. ಮಾವ ನನ್ನತ್ತ ಕೈತೋರಿಸಿ, ಎಲ್ಲರಿಗೂ ಕೇಳುವಂತೆ, ತುಂಬು ಗೌರವದ ಬಹುವಚನದಲ್ಲಿ ಹೇಳಿದರು:

"ನಮ್ ಮೇಷ್ಟ್ರೂ ಕಮ್ಮಿಯೇನಲ್ಲ ಕಣಪ್ಪ. ಅವತ್ತು ಅದನ್ನ ಓದಿ ಹೇಳಿದ್ದು ಅವರೇಯ."