ಹೊಳೆಮರಳಿನ ಮೇಲೆ ಬೆನಕಪ್ಪನವರ ಜೀಪು

ಹೊನ್ನಾಳಿಯಿಂದ ಕೆಳಗೆ, ತುಂಗಭದ್ರೆಯ ದಡದಲ್ಲಿ ಬೆಳಗಿನ ಐದೂವರೆ. ಬೆನಕಪ್ಪ ಜೀಪಿನ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಮೊಳೆಯ ತುದಿಯಿಂದ ವಾಲ್ವ್ ಒತ್ತುತ್ತಿದ್ದಾರೆ. ಗಾಳಿ ಬುಸುಗುಡುತ್ತ ಹೊರಬರುತ್ತಿದೆ. ಗಾಳಿ ಅಳೆಯುವ ಮೀಟರು ಅವರ ಬಳಿ ಇಲ್ಲ. ಟೈರು ಬದಿಗೆ ಎರಡು ಬೆರಳಗಲ ಉಬ್ಬಿ, ಮರಳಲ್ಲಿ ಹೂಳದಂತೆ ನೆಲಕ್ಕೆ ಹರಡಿಕೊಂಡರೆ ಸಾಕು, ಎದ್ದು ಮುಂದಿನದಕ್ಕೆ ಹೋಗುತ್ತಾರೆ. ಹಿಂದಿನ ಸೀಟಿನಲ್ಲಿ ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನರ್ಸ್ ಪ್ರೇಮಮ್ಮ ಆಕಳಿಸುತ್ತಾರೆ. ಎದುರಿಗೆ ಮುಕ್ಕಾಲು ಮೈಲಿ ಬರೀ ಮರಳು. ಅದರ ನಡುಗಡ್ಡೆಯಲ್ಲಿ ಬೇಸಿಗೆಗೆಂದು ಬಂದು ಕಲ್ಲಂಗಡಿ ಬೆಳೆಯುವವರ ಗುಡಿಸಲುಗಳು.

“ಬಿಸಿಲು ಏರೋದ್ರೊಳಗೆ ದಾಟಬೇಕ್ರಿ. ಈಗ ಮರಳು ತಣ್ಣಗೆ ಒತ್ತಾಗಿ ಕೂತಿರತೈತೆ. ಹತ್ತು ಗಂಟೆ ಆದ್ರೆ ಹಿಟ್ಟು ಆದಂಗೆ ಆಗತೈತೆ,” ಎನ್ನುತ್ತ ಬೆನಕಪ್ಪ ಚಿಕ್ಕ ಗೇರನ್ನು ಎಳೆದು ನಾಲ್ಕೂ ಚಕ್ರಗಳಿಗೆ ಬಲ ಕೊಡುತ್ತಾರೆ. ಜೀಪು ಎಲ್ಲೂ ನಿಲ್ಲುವುದಿಲ್ಲ, ಎಲ್ಲೂ ಓಡುವುದಿಲ್ಲ, ಒಂದೇ ಹದದಲ್ಲಿ ಸಾಗುತ್ತದೆ. ಅವರ ಕಾಲು ಬ್ರೇಕಿನ ಹತ್ತಿರವೂ ಸುಳಿಯುವುದಿಲ್ಲ. ಸಿಕ್ಕಿಕೊಂಡರೆ ಹಾಸಲು ಆರು ಗೋಣಿಚೀಲಗಳಿವೆ. ಈ ಬೇಸಿಗೆಯಲ್ಲಿ ಅವನ್ನು ಒಮ್ಮೆಯೂ ಇಳಿಸಿಲ್ಲ.

ವಾಪಸು ಬಂದ ಮೇಲೆ ಕಾಲಿನ ಪಂಪಿನಿಂದ ನಾಲ್ಕು ಟೈರಿಗೂ ಗಾಳಿ ತುಂಬಬೇಕು. ಟೈರೊಂದಕ್ಕೆ ನೂರೈವತ್ತು ಸಲ ತುಳಿತ, ಒಟ್ಟು ಆರುನೂರು. ವಾರಕ್ಕೆ ಮೂರು ದಿನ ಈ ಕೆಲಸ. ನಲವತ್ತಾರು ವರ್ಷದ ಈ ಸರ್ಕಾರಿ ಚಾಲಕನಿಗೆ ಇದನ್ನು ಯಾವ ತರಬೇತಿಯಲ್ಲೂ ಕಲಿಸಲಿಲ್ಲ. ಕೆರೆಬಿಳಚಿಯಲ್ಲಿ ಹುಟ್ಟಿ, ಚನ್ನಗಿರಿಯ ಅಕ್ಕಿ ಗಿರಣಿಯ ಲಾರಿ ಓಡಿಸಿ, ೧೯೬೯ರಲ್ಲಿ ಆರೋಗ್ಯ ಇಲಾಖೆ ಸೇರಿದವರು ಅವರು. ಹೊಳೆಯಲ್ಲಿ ಎತ್ತಿನ ಗಾಡಿ ಹೊಡೆಯುವ ನ್ಯಾಮತಿಯ ಕಡೆಯವರ ಹಿಂದೆ ತಿಂಗಳುಗಟ್ಟಲೆ ನಡೆದು, ಎಲ್ಲಿ ಮರಳು ಗಟ್ಟಿ, ಎಲ್ಲಿ ನುಂಗುತ್ತದೆ ಎಂದು ಬಣ್ಣ ನೋಡಿ ಹೇಳುವುದನ್ನು ಕಲಿತರು.

ಇಷ್ಟು ಬಲ್ಲವರ ಕೈಯಿಂದ ಸ್ಟೇರಿಂಗು ಕಿತ್ತುಕೊಂಡ ದಿನವೊಂದಿದೆ. ಅದರ ಮಾತು ಬಂದರೆ ಬೆನಕಪ್ಪನವರ ದನಿ ಇವತ್ತಿಗೂ ಗಡುಸಾಗುತ್ತದೆ.

೧೯೮೨ರ ಏಪ್ರಿಲ್‌ನ ಒಂದು ಭಾನುವಾರ. ಕಚೇರಿಯ ಆಗಿನ ಸಾಹೇಬರು ಪೇಟೆಯಿಂದ ಬಂದ ನೆಂಟರನ್ನು ಕೂರಿಸಿಕೊಂಡು ಹೊಳೆ ತೋರಿಸಲು ಹೊರಟರು. ದಡದಲ್ಲಿ ಬೆನಕಪ್ಪ ಗಾಳಿ ಇಳಿಸಲು ಹೋದಾಗ ಸಾಹೇಬರು ತಡೆದರು. “ಪಂಕ್ಚರ್ ಆದಂಗೆ ಕಾಣುತ್ತೆ, ನೆಂಟರ ಮುಂದೆ ಮರ್ಯಾದೆ ತೆಗೀಬೇಡ,” ಎಂದು ಬೈದು, ತಾವೇ ಸ್ಟೇರಿಂಗು ಹಿಡಿದು ನುಗ್ಗಿಸಿದರು. ಇನ್ನೂರು ಗಜ ಹೋಗುವಷ್ಟರಲ್ಲಿ ಚಕ್ರಗಳು ಕುಸಿದವು. ಬೆನಕಪ್ಪ ಬೇಡ ಬೇಡ ಎಂದಂತೆಲ್ಲ ಅವರು ಆಕ್ಸಲರೇಟರ್ ತುಳಿದರು. ಜೀಪು ಅಚ್ಚಿನವರೆಗೆ ಹೂತುಹೋಯಿತು, ಕ್ಲಚ್ಚು ಸುಟ್ಟ ವಾಸನೆ ಹೊಳೆಯ ತುಂಬ ಹರಡಿತು.

ಆ ಹೊತ್ತಿಗೆ ಗುಡಿಸಲುಗಳ ಕಡೆಯಿಂದ ಒಬ್ಬಾತ ಓಡುತ್ತ ಬಂದ. ಹೆಸರು ಗಾದ್ರಪ್ಪ. ಹೆಂಡತಿ ಅಂಜಮ್ಮನಿಗೆ ಬೆಳಗಿನಿಂದ ಹೆರಿಗೆ ನೋವು, ಮಗು ಹೊರಗೆ ಬರುತ್ತಿಲ್ಲ.

“ಜೀಪು ಐತಲ್ಲ ಸಾಮಿ, ಬರ್ರಿ ಅಂತ ನನ್ನ ಕೈ ಹಿಡಕೊಂಡ. ಏನು ಹೇಳ್ಲಿ? ಜೀಪು ಅವನ ಕಣ್ಣೆದುರಿಗೇ ಐತೆ, ಅಲ್ಲಾಡಾಕಿಲ್ಲ. ಎರಡು ತಾಸು ಕೈಯಾಗೆ ಮರಳು ತೋಡಿದೆ. ಉಗುರು ಕಿತ್ತು ಬಂದ್ವು. ಸಾಹೇಬ್ರು, ನೆಂಟರು ನೆಳ್ಳಾಗೆ ಕೂತು ಕಲ್ಲಂಗಡಿ ತಿಂತಿದ್ರು ಕಣ್ರೀ! ಅದೂ ಆ ಗುಡಿಸಲಿನವರೇ ಬೆಳೆದಿದ್ದು!”

ಕೊನೆಗೆ ಅಂಜಮ್ಮನನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರು. ಆಸ್ಪತ್ರೆ ಮುಟ್ಟಲು ಮೂರು ಗಂಟೆ ಹಿಡಿಯಿತು. ತಾಯಿ ಉಳಿದಳು, ಹೆಣ್ಣುಮಗು ಉಳಿಯಲಿಲ್ಲ.

ಜೀಪಿನ ಪುಸ್ತಕದಲ್ಲಿ ಆ ದಿನದ ಪ್ರಯಾಣ ‘ಗ್ರಾಮ ತಪಾಸಣೆ’ ಎಂದು ದಾಖಲಾಯಿತು. ‘ಚಾಲಕನ ಅಜಾಗರೂಕತೆಯಿಂದ ವಾಹನಕ್ಕೆ ಹಾನಿ’ ಎಂದು ಬರೆದ ಕಾಗದವನ್ನು ಸಾಹೇಬರು ಸಹಿಗೆಂದು ಮುಂದಿಟ್ಟರು. ಬೆನಕಪ್ಪ ಸಹಿ ಹಾಕಲಿಲ್ಲ. ಎಂಟು ತಿಂಗಳು ಅಮಾನತಿನಲ್ಲಿಟ್ಟು, ಆಮೇಲೆ ಹೊಳೆಯೇ ಇಲ್ಲದ ಜಗಳೂರಿಗೆ ಎತ್ತಿ ಹಾಕಿದರು. ಸಾಹೇಬರಿಗೆ ಬಡ್ತಿ ಸಿಕ್ಕಿತು. “ಊಟಕ್ಕೆ ಕೂತ್ರೆ ಗೋಡೆ ನೋಡ್ತಿದ್ರು, ತಟ್ಟೆ ನೋಡ್ತಿರಲಿಲ್ಲ,” ಎಂದು ಬೆನಕಪ್ಪನವರ ಪತ್ನಿ ಶಂಕ್ರಮ್ಮ ಆ ದಿನಗಳನ್ನು ನೆನೆಯುತ್ತಾರೆ.

ಜಗಳೂರಿಗೆ ಹೋದ ಎರಡನೇ ವರ್ಷ, ಅಲ್ಲೇ ಹತ್ತಿರದ ಬಿಳಿಚೋಡಿನ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬಳು ಅವರನ್ನು ದುರುಗುಟ್ಟಿ ನೋಡಿದಳು. ಅಂಜಮ್ಮ. ಆಕೆಯ ಊರೂ ಅದೇ. ಬೇಸಿಗೆಗೆ ಹೊಳೆಗೆ ಹೋಗಿ, ಮಳೆಗೆ ಊರಿಗೆ ಮರಳುವವರು ಅವರು.

“ಕುಡಿದು ಜೀಪು ಹೂತು ಹಾಕಿದ ಡ್ರೈವರು ನೀನೇ ಅಲ್ಲೇನು?” ಎಂದು ಎಲ್ಲರೆದುರು ಕೇಳಿಬಿಟ್ಟಳು. ಹಾಗೆಂದು ಆಕೆಗೆ ಯಾರೋ ಕಚೇರಿಯವರು ಹೇಳಿದ್ದರಂತೆ. ಮರಳು ತೋಡಿದವರನ್ನು ಗಾದ್ರಪ್ಪ ಕಂಡಿದ್ದ, ಆದರೆ ಸ್ಟೇರಿಂಗು ಯಾರ ಕೈಯಲ್ಲಿತ್ತೆಂದು ಅವನಿಗೂ ಗೊತ್ತಿರಲಿಲ್ಲ.

“ಕುಡಿಯಾದು ಇರ್ಲವ್ವ, ಆವತ್ತು ಗಾಡಿ ಓಡಿಸಿದ್ದೂ ನಾನಲ್ಲ,” ಎಂದು ಬೆನಕಪ್ಪ ನಡೆದದ್ದನ್ನೆಲ್ಲ ಹೇಳಿದರು. ಅಂಜಮ್ಮ ಪೂರ್ತಿ ಕೇಳಿದಳು. ಬಸ್ಸು ಬಂತು, ಹತ್ತಿದಳು.

ಅಷ್ಟರಲ್ಲಿ ಹೊನ್ನಾಳಿಯಲ್ಲಿ ಬೇರೆ ಚಾಲಕರು ಮೂರು ಸಲ ಮರಳಲ್ಲಿ ಸಿಕ್ಕಿಬಿದ್ದು, ಜೀಪು ಗುಡಿಸಲುಗಳ ಕಡೆ ಹೋಗುವುದೇ ನಿಂತಿತ್ತು. ಮುಂದಿನ ಬೇಸಿಗೆ ಅಲ್ಲಿನವರು ಜಿಲ್ಲೆಯ ಕಚೇರಿಗೆ ಅರ್ಜಿ ಹೊತ್ತು ಹೋದರು. ಬೆನಕಪ್ಪನವರನ್ನು ವಾಪಸು ಕಳಿಸಿ ಎಂಬ ಆ ಅರ್ಜಿಯಲ್ಲಿ ಎಪ್ಪತ್ತೆರಡು ಹೆಬ್ಬೆಟ್ಟುಗಳಿದ್ದವು. ಮೊದಲ ಹೆಬ್ಬೆಟ್ಟು ಅಂಜಮ್ಮನದು. ಮೂರು ದಿನ ಆಕೆ ಕಚೇರಿಯ ಮೆಟ್ಟಿಲು ಬಿಟ್ಟು ಏಳಲಿಲ್ಲ ಎಂದು ಪ್ರೇಮಮ್ಮ ಹೇಳುತ್ತಾರೆ. ೧೯೮೫ರಲ್ಲಿ ಬೆನಕಪ್ಪ ಹೊಳೆಗೆ ಮರಳಿದರು. ಕಳೆದ ಎರಡು ಬೇಸಿಗೆಗಳಲ್ಲಿ ಹದಿನಾಲ್ಕು ಬಸುರಿಯರನ್ನು ಈಚೆ ದಡಕ್ಕೆ ಕರೆತಂದಿದ್ದಾರೆ.

ಆದರೂ ಸಿಟ್ಟು ಇಳಿದಿಲ್ಲ. ಯಾಕೆ ಇಳಿಯಬೇಕು? ‘ಅಜಾಗರೂಕತೆ’ಯ ಆ ಕಾಗದ ಇನ್ನೂ ಅವರ ಸೇವಾ ಪುಸ್ತಕದಲ್ಲೇ ಇದೆ. ಅದನ್ನು ಹೊಡೆದು ಹಾಕಿಸುವ ಆಸೆಯೇ ಎಂದರೆ, ಪಂಪು ತುಳಿಯುತ್ತಿದ್ದವರು ನಿಂತು ಬೆವರು ಒರೆಸಿಕೊಳ್ಳುತ್ತಾರೆ.

“ನನ್ನ ಮೇಲಿನ ದೂರು ಇದ್ರೆ ಇರ್ಲಿ ಬಿಡ್ರಿ. ಆ ಫೈಲು ಪೂರಾ ಓದಿಸಿ ಕೇಳೀನಿ. ಕ್ಲಚ್ ಪ್ಲೇಟು ಸುಟ್ಟಿದ್ದು ಐತೆ. ಒಂದು ಬೋಲ್ಟು ಕಳೆದಿದ್ದೂ ಐತೆ. ಆ ಕೂಸು ಸತ್ತಿದ್ದು ಎಲ್ಲೂ ಇಲ್ಲ. ನಾನು ರಿಟೈರ್ ಆಗಾದ್ರೊಳಗೆ ಅದೊಂದು ಸಾಲು ಬರೆಸಬೇಕು.”