ಗ್ಲೋಬಿನಲ್ಲಿ ಕಂಡ ನೆರೆಹೊರೆ

ಕಡಹಿನಬೈಲಿನ ಪುಟ್ಟ ಗ್ರಂಥಾಲಯವನ್ನು ನೋಡಿಕೊಳ್ಳುವುದು ನನ್ನ ಕೆಲಸ. ತೋಟದ ಕೆಲಸಕ್ಕೆ ಹೋಗುವ ಹೆಂಗಸೊಬ್ಬಳು ಊಟದ ಬಿಡುವಿನಲ್ಲಿ ಪೇಪರ್ ಓದಲು ಬರುತ್ತಿದ್ದಳು. ಹೋದ ವರ್ಷ ಒಂದು ಮಧ್ಯಾಹ್ನ ಬಂದವಳು ನನ್ನ ಮುಂದೆ ಮೊಬೈಲ್ ಹಿಡಿದಳು. ಅಮೆರಿಕಕ್ಕೂ ರಷ್ಯಾಕ್ಕೂ ಯುದ್ಧವಾದರೆ ಯಾರು ಗೆಲ್ಲುತ್ತಾರೆ ಎಂಬ ವಿಡಿಯೊ ಅದು.

“ಅಕ್ಕಾ, ಈ ದೇಶ ಎರಡೂ ಎಲ್ಲಿದಾವೆ?”

ಗೋಡೆಯ ಭೂಪಟದಲ್ಲಿ ತೋರಿಸಿದೆ. ಒಂದು ಎಡತುದಿಯಲ್ಲಿತ್ತು, ಇನ್ನೊಂದು ಬಲತುದಿಯಲ್ಲಿ.

“ಇಷ್ಟು ದೂರ ಇರೋರಿಗೆ ಎಂತಕ್ಕೆ ಜಗಳ?” ಎಂದಳು.

ಕಪಾಟಿನ ಮೇಲಿದ್ದ ಗ್ಲೋಬನ್ನು ಇಳಿಸಿ, ಧೂಳು ಒರೆಸಿ ಕೊಟ್ಟೆ. ಅವಳು ಮೆಲ್ಲಗೆ ತಿರುಗಿಸುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು.

“ನೋಡಿ ಇಲ್ಲಿ! ಇವರು ಅಕ್ಕಪಕ್ಕದೋರೇ ಮಾರಾಯ್ರೆ!”

ನಿಜವೇ. ಉತ್ತರದಲ್ಲಿ ಎರಡರ ನಡುವೆ ಬೆರಳಗಲ ಸಮುದ್ರವೂ ಇರಲಿಲ್ಲ. ದಿನವೂ ಆ ಭೂಪಟದ ಕೆಳಗೇ ಕೂರುವ ನಾನು ಇದನ್ನು ಗಮನಿಸಿರಲಿಲ್ಲ. ಇಬ್ಬರೂ ಮೊಬೈಲಿನಲ್ಲಿ ಹುಡುಕಿದೆವು. ಆ ಸಮುದ್ರದಲ್ಲಿ ಎರಡು ದ್ವೀಪಗಳಿವೆ, ಒಂದು ರಷ್ಯಾದ್ದು, ಇನ್ನೊಂದು ಅಮೆರಿಕದ್ದು. ಅಮೆರಿಕದ ದ್ವೀಪದಲ್ಲಿ ಒಂದು ಸಣ್ಣ ಊರಿದೆ. ಮಂಜಿಲ್ಲದ ದಿನ ಅಲ್ಲಿಂದ ರಷ್ಯಾದ ದ್ವೀಪ ಕಾಣುತ್ತದಂತೆ.

“ಯುದ್ಧ ಶುರುವಾದ್ರೆ ಆ ಊರೋರಿಗೆ ಯಾರು ಹೇಳ್ತಾರೆ?”

“ಗೊತ್ತಿಲ್ಲ ಮಾರಾಯ್ತಿ” ಎಂದೆ.

ಮರುದಿನ ಅವಳು ಜೊತೆಗೆಲಸದ ಇಬ್ಬರು ಹೆಂಗಸರನ್ನೂ ಕರೆತಂದಳು. ಆ ಊರಲ್ಲಿ ಏನು ಬೆಳೆಯುತ್ತಾರೆ ಎಂದು ಅವರು ಕೇಳಿದರು. ಬೆಳೆ ಇಲ್ಲ, ಬೇಟೆಯಾಡಿ, ಮೀನು ಹಿಡಿದು ಬದುಕುತ್ತಾರೆ ಎಂದು ಓದಿ ಹೇಳಿದೆ. ಬಿಡುವು ಮುಗಿಯುವವರೆಗೂ ಮೂವರೂ ಆ ಊರಿನ ಚಳಿಯ ಬಗ್ಗೆಯೇ ಮಾತಾಡಿದರು.